ನಕುಸಾ ಇಟ್ಟ ಹೆಸರು

ನಕುಸಾ ಎಂದರೆ ಮರಾಠಿಯಲ್ಲಿ ಬೇಡವಾದವಳು. ಸಾಲಾಗಿ ಹೆಣ್ಣೇ ಹುಟ್ಟುತ್ತಿರುವ ಮನೆಯಲ್ಲಿ ಕೊನೆಯ ಕೂಸಿಗೆ ಈ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆಂದು ಸಾಂಗ್ಲಿ ಕಡೆ ಒಂದು ನಂಬಿಕೆ. ಅರಿಶಿನ ಪೇಟೆಯಲ್ಲಿ ಹಮಾಲಿ ಮಾಡುವ ಹುಲಿಗೆಪ್ಪನ ಮನೆಮಾತು ಕನ್ನಡ. ಅವನ ಊರಿನಲ್ಲಿ ಇದೇ ಕೆಲಸಕ್ಕೆ ‘ಸಾಕವ್ವ’ ಎಂಬ ಹೆಸರಿತ್ತು. ಆದರೆ ದುಡಿಯಲು ಮಿರಜಿಗೆ ಬಂದಾಗಿದೆ, ಇಲ್ಲಿನ ರೂಢಿಯೇ ಇರಲಿ ಎಂದು ಅಜ್ಜಿ ತೊಟ್ಟಿಲಿಗೆ ಬಾಗಿ, ನಾಲ್ಕನೆಯ ಮೊಮ್ಮಗಳ ಕಿವಿಯಲ್ಲಿ “ನಕುಸಾ, ಕುರ್ರ್” ಎಂದಳು. ತಾಯಿ ಸಾವಂತ್ರವ್ವ ತುಟಿ ಪಿಟಕ್ಕೆನ್ನಲಿಲ್ಲ. ಇಷ್ಟಾಗಿ ಗಂಡೇನೂ ಹುಟ್ಟಲಿಲ್ಲ, ಅದು ಬೇರೆ ಮಾತು.

ಹುಡುಗಿ ಗಟ್ಟಿಯಾಗಿ ಬೆಳೆದಳು, ಬಾಯಿ ಇನ್ನೂ ಗಟ್ಟಿ. ಶಾಲೆಯಲ್ಲಿದ್ದಾಗ ಇಂಥ ಹೆಸರಿನ ಹುಡುಗಿಯರಿಗೆಲ್ಲ ಹೊಸ ಹೆಸರಿಡುವ ಸಮಾರಂಭ ನಡೆಯಿತು. ಹಾರ, ಪೇಢೆ, ಭಾಷಣ. ಇವಳ ಪಾಲಿಗೆ ಬಂದದ್ದು ‘ಸಪನಾ’. ವೇದಿಕೆ ಹತ್ತಿ, ಪೇಢೆ ತಿಂದು, ಹೆಸರು ಮಾತ್ರ ಒಲ್ಲೆ ಎಂದಳು. ಯಾಕೆಂದು ಮರಾಠಿಯಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಜವಾಬು ಕೊಟ್ಟಳು. “ನಾ ಯಾಕ ಬದಲ ಮಾಡ್ಲಿ? ಇಟ್ಟವ್ರು ನಾಚ್ಕೊಳ್ಳಿ.” ಅರ್ಥವಾಗದವರೂ ಪೆಚ್ಚಾದರು.

ಈಗ ಅವಳು ಮಿರಜಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ದೊಡ್ಡ ದುರ್ಬೀನು ತೆಗೆದ ಆಕಾಶದ ಚಿತ್ರಗಳನ್ನು ಸಾಮಾನ್ಯ ಜನರಿಗೂ ಕಳಿಸಿ ಕ್ಷುದ್ರಗ್ರಹ ಹುಡುಕಿಸುವ ಯೋಜನೆಯೊಂದಕ್ಕೆ ಕೆಲವು ವರ್ಷಗಳ ಹಿಂದೆ ಸೇರಿದ್ದಳು. ಆಕಾಶದ ಒಂದೇ ತುಣುಕಿನ ಚಿತ್ರಗಳನ್ನು ಒಂದಾದ ಮೇಲೊಂದು ಓಡಿಸಿ ನೋಡಬೇಕು. ನಕ್ಷತ್ರಗಳು ಕೂತಲ್ಲೇ ಕೂತಿರುತ್ತವೆ, ಗ್ರಹವಾದರೆ ಜರುಗುತ್ತದೆ. ಒಂದು ಮಟಮಟ ಮಧ್ಯಾಹ್ನ, ಫ್ಯಾನಿನ ಕೆಳಗೆ ಕೂತ ನಕುಸಾಳ ಕಣ್ಣೆದುರು ಒಂದು ಚುಕ್ಕೆ ಜರುಗಿತು. ಮಂಗಳ ಮತ್ತು ಗುರುಗ್ರಹದ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ, ಅದುವರೆಗೆ ಯಾರೂ ಗುರುತಿಸದ ಒಂದು ಬಂಡೆ. ಅದಕ್ಕೆ ಕ್ಷುದ್ರ ಎಂದು ಯಾರು ಹೆಸರಿಟ್ಟರೋ, ಅವರೂ ಆ ಅಜ್ಜಿಯ ಸಂಬಂಧಿಕರೇ ಇರಬೇಕು.

ಸುತ್ತುವ ದಾರಿ ಖಾತ್ರಿಯಾಗಿ ನಂಬರು ಸಿಕ್ಕ ಮೇಲಷ್ಟೇ ಹೆಸರು, ಅದಕ್ಕೆ ವರ್ಷಗಳು ಬೇಕು. ಓಣಿಯವರು ಕಾಯಬೇಕಲ್ಲ! ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು. ಒಬ್ಬರು ಗಣಪತಿ ಎಂದರು, ಇನ್ನೊಬ್ಬರು ಕೃಷ್ಣಾ ನದಿ ಎಂದರು. ಕ್ಲಾಸಿನ ಮಾಲೀಕ ಬಾಳಕೃಷ್ಣ ಸರ್‌ಗಂತೂ ಕ್ಲಾಸಿನ ಹೆಸರೇ ಆಗಬೇಕು. “ವ್ಯಾಪಾರದ ಹೆಸರ ನಡ್ಯಂಗಿಲ್ರಿ ಸರ್,” ಎಂದು ನಕುಸಾ ಹೇಳಿದ್ದಕ್ಕೆ ಅವರು ಮಾತೇ ಬಿಟ್ಟರು.

ಈ ವರ್ಷ ನಂಬರು ಬಂತು. ಕಂಡುಹಿಡಿದವಳು ಒಂದು ಹೆಸರು ಸೂಚಿಸಿ, ಅದರ ಅರ್ಥವನ್ನೂ ಚುಟುಕಾಗಿ ಬರೆದುಕೊಡಬೇಕಿತ್ತು. ನಕುಸಾ ಮನೆಯಲ್ಲಿ ಹೇಳಿದಳು: “ನಾ ಇದಕ್ಕ ನಕುಸಾ ಅಂತ ಇಡಾಕಿ.”

ಮಾಲಗಾಂವದ ದ್ರಾಕ್ಷಿ ತೋಟದ ಕೂಲಿ ಮುಗಿಸಿ ಆಗಷ್ಟೇ ಬಂದಿದ್ದ ಸಾವಂತ್ರವ್ವ ಹೊಸ್ತಿಲಲ್ಲೇ ಕುಳಿತಳು.

“ಬ್ಯಾಡ ಮಗಳ. ನಿಮ್ಮಜ್ಜಿ ಇಟ್ಟಾಗ ನಾ ಸುಮ್ನ ಕುಂತೆ. ಅದಕ್ಕ ಇಷ್ಟ ವರ್ಷ ಓಣ್ಯಾಗ ತಲಿ ತಗ್ಗಿಸಿದ್ದು ಸಾಲದೇನ? ಇನ್ನ ಮುಗಿಲಿಗೂ ತೂಗ ಹಾಕ್ತೀ? ಬೇಕಾರ ಸಾಕವ್ವ ಅಂತಿಡು. ಸಾಕಿ ಸಲಹಿದಾಕಿ ಅಂತ ಅರ್ಥ ಹೇಳಿದ್ರಾತು.”

ತಾಯಿ ಹೀಗೆ ಬೇಡಿಕೊಂಡದ್ದನ್ನು ನಕುಸಾ ಕಂಡೇ ಇರಲಿಲ್ಲ. ಆದರೂ ಬಗ್ಗಲಿಲ್ಲ. ಪಕ್ಕದಲ್ಲಿ ಹೋಗಿ ಕುಳಿತಳು.

“ಅರ್ಥ ತಿದ್ದೂದು ಬ್ಯಾಡ ಅವ್ವಾ. ಕೇಳಿಲ್ಲೆ. ನಾ ಕಂಡ ಮ್ಯಾಲ ಆ ಕಲ್ಲ ಸೂರ್ಯನ ಹಿಂದ ಹೋಗಿ ಕಾಣದಂಗಾತು. ಒಂದ ಕಲ್ಲ ಹೋದ್ರ ಹೋತು ಅಂತ ಯಾರೂ ಅನ್ನಲಿಲ್ಲ. ಯಾವ್ಯಾವ ದೇಶದವ್ರೋ ದುರ್ಬೀನ ಹಚ್ಚಿ ಹುಡಕಿದ್ರು. ಸಿಕ್ತು. ಮತ್ತ ಮರಿಯಾತು, ಮತ್ತ ಹುಡಕಿದ್ರು. ಹಂಗ ಹುಡಕಿ ಹುಡಕೇ ಅದರ ದಾರಿ ಗೊತ್ತಾತು. ನಕುಸಾ ಎಲ್ಲಿದ್ದಾಳ ಅಂತ ಇನ್ನ ಮ್ಯಾಲ ದುನಿಯಾ ಕೇಳ್ಲಿ.”

ಸಾವಂತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ತಾಯಿ ಮುಖ ಒರೆಸಿಕೊಂಡು ಎದ್ದಳು.

“ಹಂಗಾರ ಅರ್ಥ ನಾ ಹೇಳ್ತೇನಿ, ಬರಿ. ಬ್ಯಾಡ ಅಂದವ್ರು ನಾವು. ಹುಡಕಿದಾಕಿ ನಮ್ಮ ಮಗಳು,” ಎಂದಳು, ಓಣಿಗೆಲ್ಲ ಕೇಳುವಂತೆ.