ಅತ್ತೆಯವರ ಮೊಣಕಾಲು, ಮಾವನವರ ಕುರ್ಚಿ

ಚನ್ನಗಿರಿಯ ನಮ್ಮ ಮನೆಯಲ್ಲಿ ಕುರ್ಚಿ ಅಂತ ಇದ್ದದ್ದು ಒಂದೇ. ಅದು ಮಾವನವರದು. ಅಡಿಕೆ ವ್ಯಾಪಾರದ ಮಾತಿಗೂ ಅದೇ, ಊಟವಾದ ಮೇಲೆ ಎಲೆ ಮೆಲ್ಲುವುದಕ್ಕೂ ಅದೇ. ಅತ್ತೆಯವರು ಅದನ್ನು ದಿನಾ ಒರೆಸುತ್ತಿದ್ದರು, ಕೂತದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಗಂಡನ ಎದುರು ಕುರ್ಚಿಯಲ್ಲಿ ಕೂರುವ ಹೆಂಗಸರು ಆಗ ನಮ್ಮ ಓಣಿಯಲ್ಲೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಬಂದಾಗಲೇ ಅತ್ತೆಯವರ ಬಲ ಮೊಣಕಾಲು ಮುನಿಸಿಕೊಂಡಿತ್ತು. ಏಳುವಾಗ ಒಳಗೆ ಕಟಕಟ ಸದ್ದು. "ಹಪ್ಪಳ ಮುರಿದಂಗೆ ಕೇಳ್ತೈತೆ ನೋಡವ್ವ" ಎಂದು ನಗುತ್ತಿದ್ದರು. ಹರಳೆಣ್ಣೆ ಸವರಿ, ಬಿಸಿ ಮಾಡಿದ ಎಕ್ಕದ ಎಲೆ ಕಟ್ಟುತ್ತಿದ್ದೆವು. ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದೆವು. ಹೊನ್ನಾಳಿಯ ನಾದಿನಿ ಬಂದಾಗಲೆಲ್ಲ ಕಪ್ಪು ಎಣ್ಣೆಯ ಬಾಟಲಿ ತರುತ್ತಿದ್ದರು. ನೋವಿಗಿಂತ ಅದರ ವಾಸನೆಯೇ ಜೋರು.

ನಡೆಯುವುದು ಕಷ್ಟವಾಗಿದೆ ಎಂದು ಅವರು ಎಂದೂ ಗೊಣಗಲಿಲ್ಲ. ಅವರ ಚಿಂತೆ ಬೇರೆ. ಬೆಳಿಗ್ಗೆ ಮಿಂದು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕೊರಳ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಒಂದು ಗುಟುಕು ನೀರೂ ಕುಡಿಯುವವರಲ್ಲ. ಕೂರಲು ನನ್ನ ಭುಜ ಬೇಕು, ಏಳಲು ನನ್ನ ಎರಡೂ ಕೈ ಬೇಕು. "ಆಪರೇಷನ್ ಮಾಡಿಸಿದ್ರೆ ಕಾಲು ಹೊಸಾದಾಗ್ತೈತಂತೆ" ಎಂದು ಓಣಿಯ ಯಾರೋ ಹೇಳಿದ್ದೇ ತಡ, ಸೂಜಿ ಕಂಡರೆ ಮುಖ ತಿರುಗಿಸುವ ಅತ್ತೆಯವರೇ ದಾವಣಗೆರೆಗೆ ಹೊರಟರು. ನೆಲದ ಮೇಲೆ ಮತ್ತೆ ತಾವೇ ಕೂರಬೇಕು, ಅಷ್ಟೇ ಆಸೆ.

ಮೂಳೆ ಡಾಕ್ಟರು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೀಲಿನ ಒಳಮಗ್ಗುಲು ಸವೆದು ಕಾಲು ಬಿಲ್ಲಿನ ಹಾಗೆ ಬಾಗಿದೆ ಎಂದರು. ಮೊಣಕಾಲ ಕೆಳಗಿನ ಎಲುಬನ್ನು ಕತ್ತರಿಸಿ ನೆಟ್ಟಗೆ ಕೂಡಿಸಬಹುದು, ವಾರಗಟ್ಟಲೆ ಪ್ಲಾಸ್ಟರು, ನೋವು ತಗ್ಗಬಹುದು. ದೂರದ ದೊಡ್ಡ ಆಸ್ಪತ್ರೆಗಳಲ್ಲಿ ಕೀಲನ್ನೇ ಬದಲಿಸುವುದೂ ಉಂಟು. ಇಲ್ಲವೇ ಮೈತೂಕ ಇಳಿಸಿ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ, ಊದಿಕೊಂಡಾಗ ಮಾತ್ರೆ ತೆಗೆದುಕೊಂಡು, ಕೋಲು ಹಿಡಿದು ನಡೆಯಬಹುದು.

"ಕೊಯ್ರಿ" ಎಂದರು ಅತ್ತೆಯವರು. "ಆಮೇಲೆ ಕೆಳಗೆ ಕೂತ್ಕಳಾಕೆ ಬರ್ತೈತಲ್ಲ?"

"ಅದಾಗಲ್ಲಮ್ಮ. ಆಪರೇಷನ್ ಮಾಡಿಸಿದ್ರೂ ಚಕ್ಕಳಮಕ್ಕಳ ಬಿಡಬೇಕು, ಮಾಡಿಸದಿದ್ರೂ ಬಿಡಬೇಕು. ಕುರ್ಚಿ ಮೇಲೆ ಕೂತ್ಕಳ್ರಿ."

"ಹಂಗಾರೆ ಯಾತಕ್ಕೆ ಕೊಯ್ಯೋದು!"

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

ಮರುದಿನ ಬೆಳಿಗ್ಗೆ ಪೂಜೆಯ ಕೋಣೆಯಲ್ಲಿ ನನ್ನ ಭುಜ ಹಿಡಿದು ಬಗ್ಗಿದರು. ಅರ್ಧಕ್ಕೆ ಕಾಲು ಕಚ್ಚಿಕೊಂಡಿತು. ಮತ್ತೊಮ್ಮೆ ನೋಡಿದರು, ಆಗಲಿಲ್ಲ. ಗೋಡೆಗೆ ಒರಗಿ ನಿಂತೇ ಬಿಟ್ಟರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಒಲೆಯ ಮೇಲೆ ಮಂಡಕ್ಕಿ ಒಗ್ಗರಣೆ ಆರುತ್ತಿತ್ತು. ಪೂಜೆಯಿಲ್ಲ, ಆದ್ದರಿಂದ ಊಟವಿಲ್ಲ. ಮಧ್ಯಾಹ್ನವಾದರೂ ನೀರು ಮುಟ್ಟಲಿಲ್ಲ.

ನಾನು ಓದಿದ ಶಿವಮೊಗ್ಗದ ಕಾನ್ವೆಂಟಿನ ನೆನಪು ಬಂತು. "ಅತ್ತೇರೆ, ನಮ್ಮ ಶಾಲೆಯಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಇದ್ರು. ಅವರಿಗೂ ಮೊಣಕಾಲು ನೋವು. ಎಲ್ಲರೂ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರೆ ಅವರೊಬ್ರು ಕುರ್ಚಿ ಮೇಲೆ ಕೂತಿರ್ತಿದ್ರು. ಯಾರೂ ಏನೂ ಅಂತಿರಲಿಲ್ಲ."

ಅತ್ತೆಯವರಿಗೆ ರೇಗಿತು. "ನಿಮ್ಮ ಸಿಸ್ಟರಮ್ಮನ ದೇವರು ಎತ್ತರಕ್ಕೆ ಗೋಡೆ ಮ್ಯಾಗೆ ಇರ್ತಾನೆ. ಆಕಿ ಎಲ್ಲಿ ಕೂತರೇನು? ನನ್ನ ದೇವರು ಅಂಗೈಯಾಗೆ ಐತೆ ಕಣವ್ವ. ನಾನೆಲ್ಲಿ ಕೂತ್ರೆ ಅಲ್ಲಿಗೇ..."

ಕರಡಿಗೆಯ ಮೇಲಿದ್ದ ಕೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಮನೆಯಾಗೆ ಇರೋದು ಅವರ ಕುರ್ಚಿ ಒಂದೇ ಅಲ್ವ?" ಎಂದರು.

ಮಾವನವರು ಪಡಸಾಲೆಯಲ್ಲಿ ಕೇಳಿಸಿಕೊಂಡಿದ್ದಿರಬೇಕು. ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಪೂಜೆಯ ಕೋಣೆಯ ನಡುವೆ ಇಟ್ಟರು.

"ಕೂಡು."

"ನೀವು ಮೊದಲು ಆಚೆ ಹೋಗ್ರಿ. ನಿಮ್ಮೆದುರಿಗೆ ಹೆಂಗೆ ಕೂತ್ಕಳ್ಲಿ?"

"ನನ್ನ ಕುರ್ಚಿನೂ ಬೇಕು, ನಾನೂ ಇರಬಾರದು! ಚೆನ್ನಾಗೈತೆ" ಎನ್ನುತ್ತಾ ಅವರು ಹೊರಗೆ ಹೋಗಿ, ಬಾಗಿಲಿಗೆ ಬೆನ್ನು ಹಾಕಿ ನಿಂತರು.

ಕುರ್ಚಿಯನ್ನು ನೀರಿನಿಂದ ಒರೆಸಿ ಮಡಿಬಟ್ಟೆ ಹಾಸಿದೆ. ಅತ್ತೆಯವರು ಕುಳ್ಳು, ಪಾದ ನೆಲಕ್ಕೆ ಎಟುಕಲಿಲ್ಲ. ಪೂಜೆಯ ಮಣೆ ಸರಿಸಲು ಹೋದರೆ, "ಅದನ್ನ ತುಳೀತಾರೇನೇ?" ಎಂದು ಕಾಲು ಎಳೆದುಕೊಂಡರು. ಹಾಸ್ಟೆಲ್ಲಿನ ನನ್ನ ತಗಡಿನ ಟ್ರಂಕು ತಂದು ಕಾಲಡಿಗೆ ಇಟ್ಟೆ. ಲಿಂಗ ಅಂಗೈಗೆ ಬಂತು. ಅಂದಿನ ಪೂಜೆ ಬಹಳ ಹೊತ್ತು ನಡೆಯಿತು. ಆಮೇಲೆ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದರು.

ಆಪರೇಷನ್ ಮಾಡಿಸಲಿಲ್ಲ. ಪೂಜೆ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ವ್ಯಾಯಾಮ. ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲು ನೀಡಿ ಎತ್ತಬೇಕು. ಮೊದಮೊದಲು ಬಾಗಿಲ ಆಚೆ ನಿಲ್ಲುತ್ತಿದ್ದ ಮಾವನವರು ದಿನ ಕಳೆದಂತೆ ಎದುರಿಗೇ ಚಾಪೆಯ ಮೇಲೆ ಕೂತು, "ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ" ಎನ್ನುತ್ತಿದ್ದರು. "ಬಾಯಿಲೆ ಎತ್ತೋದಲ್ರೀ, ಕಾಲಿಲೆ ಎತ್ರಿ ನೋಡಾನ" ಎಂದು ಅತ್ತೆಯವರು ಅಂದರೆ ಅವರೂ ಎತ್ತುತ್ತಿದ್ದರು. ನೋವು ಪೂರಾ ಹೋಗಲಿಲ್ಲ, ಆದರೆ ಏಳುವಾಗ ನನ್ನ ಒಂದು ಕೈ ಸಾಕಾಯಿತು.

ಆ ವರ್ಷದ ದೀಪಾವಳಿಗೆ ಮುಂಚೆ ಮಾವನವರು ಅತ್ತೆಯವರಿಗೆಂದು ತರಿಸಿದ ಹೊಸ ಕುರ್ಚಿಯೊಂದು ದಾವಣಗೆರೆಯಿಂದ ಬಸ್ಸಿನ ಮೇಲೆ ಬಂತು. ಅತ್ತೆಯವರು ಅದನ್ನು ಮುಟ್ಟಿ ನೋಡಿ, "ಇದು ನುಣುಪು, ಜಾರ್ತೈತೆ. ನಂಗೆ ಹಳೇದೇ ಇರಲಿ" ಎಂದರು.

ಹೊಸದರಲ್ಲಿ ಮಾವನವರು ಕೂತರು.