ಮಾಮ ಛತ್ರಿ ಹಿಡಿದು ಮನೆ ಕೊಂಡದ್ದು

ನನ್ನ ಅಕ್ಕನ ಗಂಡ ಗಾದಿಲಿಂಗಪ್ಪ ಮಾಮ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾನೆ. ಮನೆಯವರು 'ಬರ್ರಿ, ಕೂಡ್ರಿ' ಅನ್ನುತ್ತಿದ್ದರೆ ಈತ ಛಾವಣಿ ನೋಡುತ್ತ ನಿಂತಿರುತ್ತಾನೆ. ಆಮೇಲೆ ಕೈಯಲ್ಲಿರುವ ಉದ್ದನೆಯ ಕರೀ ಛತ್ರಿಯನ್ನು ಮೇಲೆತ್ತಿ, ಅದರ ಕಬ್ಬಿಣದ ತುದಿಯಿಂದ ಛಾವಣಿಗೆ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿ, 'ಹಾಂ' ಅಂದ ಮೇಲೆಯೇ ಕೂಡುವುದು. ನನಗೆ ಮೊದಲ ಸಲ ಹೆಣ್ಣು ನೋಡಲು ಹೋದಾಗಲೂ ಇದೇ ಕತೆ. ಹುಡುಗಿಯ ಕಡೆಯವರು ನಮ್ಮ ಅವ್ವನನ್ನು ಒಳಗೆ ಕರೆದು, 'ಇವರಿಗೇನರ ತ್ರಾಸ್ ಐತೇನ್ರಿ?' ಎಂದು ಕೇಳಿದರು. ಆ ಸಂಬಂಧ ಕೂಡಲಿಲ್ಲ. ಛತ್ರಿಯಿಂದಲೇ ತಪ್ಪಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ನಿನ್ನ ಮಾರಿ ನೋಡಿಯೇ ತಪ್ಪಿತು ಎಂದು ಅಕ್ಕ ಹೇಳುತ್ತಾಳೆ.

ತ್ರಾಸ್ ಏನೂ ಇಲ್ಲ. ಹಟ್ಟಿಯ ಗಣಿಯಲ್ಲಿ ಮೂವತ್ತು ವರ್ಷ ದುಡಿದ ರೂಢಿ ಅದು. ಜನ ಬಂಗಾರದ ಗಣಿ ಅನ್ನುತ್ತಾರೆ, ಆತ ಕಂಡದ್ದೆಲ್ಲ ಬರೀ ಕಲ್ಲು. ಭೂಮಿಯ ಒಳಗೆ ಪಾಳಿಗೆ ಇಳಿದವರು ಕೆಲಸಕ್ಕೆ ಕೈ ಹಚ್ಚುವ ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ರಾಡಿನಿಂದ ಬಡಿದು ನೋಡಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಸಡಿಲಾಗಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದದ್ದು ಯಾರ ಕಿವಿಗೆ ಬಿತ್ತೋ ಅವನು ಹಿಂದುಮುಂದು ನೋಡದೆ ಕೂಗಿ ಎಲ್ಲರನ್ನೂ ಸರಿಸಬೇಕು. ಮಾಮನಿಗೆ ಯಾರಾದರೂ ದೇವರ ಪಾಠ ಹೇಳಿಕೊಟ್ಟಿದ್ದರೆ ಅದು ಇದೊಂದೇ.

ಅಕ್ಕ ಉಮಾದೇವಿ ಮದುವೆಯಾದಾಗಿನಿಂದ ಗಣಿಯ ಕ್ವಾರ್ಟರ್ಸಿನಲ್ಲಿಯೇ ಬಾಳಿದವಳು. ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಯೇ ಬೆಳೆಸಿ, ಅಲ್ಲಿಂದಲೇ ಮದುವೆ ಮಾಡಿ ಕಳಿಸಿದಳು. ಆದರೆ ಇಷ್ಟು ವರ್ಷದಲ್ಲಿ ಆ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಕ್ಯಾಲೆಂಡರು ಕೂಡ ಕಿಟಕಿಯ ಸರಳಿಗೇ ಕಟ್ಟಿದ್ದಳು. ಕೇಳಿದರೆ, 'ನಮ್ಮ ಮನಿ ಅಲ್ಲ ಬಿಡು' ಅನ್ನುವಳು. ಮಾಮ ನಿವೃತ್ತನಾದ ಮೇಲೆ, ಕ್ವಾರ್ಟರ್ಸು ಬಿಟ್ಟುಕೊಡುವ ದಿನ ಹತ್ತಿರ ಬಂದ ಮೇಲೆ, ಆಕೆ ಹಟ ಹಿಡಿದು ಕೂತಳು.

'ಕಿರಾಯಿ ಮನೀಗೆ ನಾ ಬರಂಗಿಲ್ಲ. ಸಣ್ಣದಿರಲಿ, ನಂದಂತ ಒಂದ್ ಗ್ವಾಡಿ ಬೇಕು. ಅದಕ್ಕ ನನ್ನ ಮನಸಿಗೆ ಬಂದಲ್ಲೆ ಮೊಳಿ ಹೊಡೀಬೇಕು.'

ಮಸ್ಕಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮನೆ ನೋಡುವ ಕೆಲಸ ಬಂದಾಗೆಲ್ಲ ಶಟರ್ ಎಳೆದು ಇವರ ಹಿಂದೆ ಅಲೆಯುವುದು ನನ್ನ ಹಣೆಗೆ ಬಂತು. ಜೊತೆಗೆ ದಲ್ಲಾಳಿ ಮಾಳಿಂಗಪ್ಪ. ಎರಡು ಮೊಬೈಲು, ಮೂರು ಬೆರಳಿಗೆ ಉಂಗುರ, ಒಂದು ಮಾತಿಗೆ ನಾಲ್ಕು ಸಲ 'ನಂಬ್ರಿ ನನ್ನ'. ನಂಬ್ರಿ ಅಂದವರನ್ನು ನಂಬುವ ಸ್ವಭಾವ ನನ್ನದಲ್ಲ, ಆದರೆ ಬೇರೆ ಯಾರೂ ಸಿಗಲಿಲ್ಲ.

ಮೊದಲು ಲಿಂಗಸುಗೂರಿನಲ್ಲಿ ನೋಡಿದೆವು. ಒಂದು ಮನೆ ಚೆಂದವಿತ್ತು. ಮಾಲಕ ಒಂದು ರೇಟು ಹೇಳಿ, ಚಹಾ ಕೊಟ್ಟು, 'ಯಾವೂರ್ರಿ ನಿಮ್ದು?' ಅಂದ. ಮಾಮ ಎದೆ ಸೆಟೆಸಿ 'ಹಟ್ಟಿ' ಅಂದ. ಅಷ್ಟೇ. ಮಾಲಕ ಒಳಗೆ ಹೋಗಿ ಹೆಂಡತಿಯ ಜೊತೆ ಗುಸುಗುಸು ಮಾತಾಡಿ ಹೊರಗೆ ಬರುವಷ್ಟರಲ್ಲಿ ರೇಟು ಏರಿತ್ತು. ಗಣಿಯಲ್ಲಿ ನಿವೃತ್ತರಾದವರ ಕೈಗೆ ಒಮ್ಮೆಲೇ ದುಡ್ಡು ಬರುತ್ತದೆ ಎಂದು ಆ ರಸ್ತೆಯುದ್ದಕ್ಕೂ ಎಲ್ಲರಿಗೂ ಗೊತ್ತು. ಎರಡು ಮದುವೆಗಳಲ್ಲಿ ಅದರ ಅರ್ಧ ಕರಗಿದೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಮುಂದಿನ ಮನೆಯಲ್ಲೂ ಹೀಗೇ ಆಯಿತು. ನಮ್ಮ ಮಸ್ಕಿಗೆ ಬಂದೆವು. ಇಲ್ಲಿನ ಹಳೇ ಮನೆಯೊಂದರಲ್ಲಿ ಛತ್ರಿ ಬಡಿದಲ್ಲೆಲ್ಲ ಡಬ್. ಊರ ಹೊರಗಿನ ಹೊಸ ಲೇಔಟಿಗೆ ಹೋದರೆ ಆನೆ ಹೋಗುವಷ್ಟು ದೊಡ್ಡ ಕಮಾನು, ಕಮಾನಿನ ಆಚೆ ಜಾಲಿ ಗಿಡ.

ಕೊನೆಗೆ ಉಳಿದದ್ದು ಸಿಂಧನೂರು. ಅಕ್ಕನ ತವರು, ನಮ್ಮ ಹುಟ್ಟೂರು ತುರ್ವಿಹಾಳ ಅಲ್ಲಿಂದ ಹತ್ತಿರ, ಬಸ್ಸು ಬೇಕಾದಷ್ಟು. ಊರಂತೂ ದಿನಕ್ಕೊಂದು ಕಡೆ ಬೆಳೆಯುತ್ತಿದೆ. ಹೋದ ವರ್ಷ ಭತ್ತ ನಿಂತಿದ್ದಲ್ಲಿ ಈ ವರ್ಷ ಮೂರು ಅಂತಸ್ತಿನ ಮನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಮಾಳಿಂಗಪ್ಪ ಮಾಮನನ್ನು ಬದಿಗೆ ಕರೆದ.

'ಇಲ್ಲಿ ಹಟ್ಟಿ ಅನಬ್ಯಾಡ್ರಿ, ಕೈ ಮುಗಿತೀನಿ. ತುರ್ವಿಹಾಳದಾಗ ಗದ್ದಿ ಅದಾವ ಅನ್ರಿ. ಹಟ್ಟಿ ಅಂದ್ರೆಂದ್ರ ಈ ಮನೀನೂ ಹೋತು.'

'ಸುಳ್ಳ್ಯಾಕ ಹೇಳ್ಬೇಕು?' ಅಂದ ಮಾಮ.

ಅಕ್ಕ ಅವನ ಮುಖ ನೋಡಿದಳು. ಮಾಮನ ದನಿ ಇಳಿಯಿತು. 'ಆತು' ಅಂದ. 'ಮತ್ತ ಛತ್ರಿ ಹೊರಗ ಚಪ್ಪಲಿ ಹಂತ್ಯಾಕ ಇಡಬೇಕು,' ಎಂದು ಅಕ್ಕ ಅದಕ್ಕೂ ಮಾತು ತೆಗೆದುಕೊಂಡಳು.

ಮನೆ ಹಳೇ ಓಣಿಯಲ್ಲಿತ್ತು. ಮಾಲಕರು ಅಮರಗುಂಡಪ್ಪ, ಬಟ್ಟೆ ಅಂಗಡಿಯವರು, ಹಣೆ ತುಂಬ ವಿಭೂತಿ. ಲೇಔಟಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದರು, ಒಕ್ಕಲಾಗುವುದೊಂದೇ ಬಾಕಿ. ಅದಕ್ಕೇ ಇದನ್ನು ಮಾರುವುದು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. ನಾವು ಬಂದದ್ದೇ ಸರಿದು ಕೂತು ಅಕ್ಕನಿಗೆ ಜಾಗ ಮಾಡಿದರು. ಅಕ್ಕ ಕೂತಳು. ಒಂದು ಹಿಡಿ ಮೆಣಸಿನಕಾಯಿ ತೊಟ್ಟು ಮುರಿದೇ ಎದ್ದಳು. ಒಳಗೆ ಹೋದ ಮೇಲೆ ಅಡಿಗೆಮನೆಯ ಗೋಡೆಯ ಮೇಲೆ ಅಂಗೈ ಇಟ್ಟು, ನನಗಷ್ಟೇ ಕೇಳುವಂತೆ, 'ಲೇ ವಿರೇಶ, ಇಲ್ಲೆ ಹೊಡೀತೀನಿ ನೋಡು' ಅಂದಳು. ಅಕ್ಕನ ಕಣ್ಣು ಹಾಗೆ ಹೊಳೆದದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಈ ಮನೆ ತಪ್ಪಿದರೆ ಇವಳನ್ನು ಹಿಡಿಯುವುದು ಕಷ್ಟ ಅನ್ನಿಸಿ ನನಗೆ ಭಯವೂ ಆಯಿತು.

ಅಮರಗುಂಡಪ್ಪ ಮಾತಿಗೆ ಎಳೆದರು. 'ಹ್ಯಾಂಗ್ರಿ, ಈ ಸಲ ನಿಮ್ಮ ಕಡೆ ಕಾಲುವಿ ನೀರು ಬರೋಬರಿ ಬರಾಕತ್ತಾವೇನು?'

'ಬರ್ತಾವ್ರಿ,' ಅಂದ ಮಾಮ. ಸ್ವಲ್ಪ ಯೋಚಿಸಿ, 'ಮ್ಯಾಲಿಂದ ಬರ್ತಾವ.'

'ಯಾವ ಭತ್ತ ಹಾಕೀರಿ?'

'ಬಿಳೇದು.'

ಮಾಳಿಂಗಪ್ಪನಿಗೆ ಕೆಮ್ಮು ಬಂತು. ಅಕ್ಕ ನಡುವೆ ಬಾಯಿ ಹಾಕಿದಳು. 'ಸೋನಾ ಮಸೂರಿ ಹಾಕೀವ್ರಿ. ಇವರು ಗದ್ದಿ ಕಡೆ ಹೋಗೂದ ಕಮ್ಮಿ. ಎಲ್ಲಾ ನಮ್ಮ ತಮ್ಮನ ನೋಡ್ಕೋತಾನ.' ಎಲ್ಲರೂ ನನ್ನ ಕಡೆ ತಿರುಗಿದರು. ಭತ್ತಕ್ಕೂ ಹುಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದ ನಾನು ದೊಡ್ಡ ರೈತನ ಹಾಗೆ ತಲೆ ಆಡಿಸಿದೆ.

ಹೇಗೋ ಸೌದಾ ಕುದುರಿತು. ರೇಟು ನಮ್ಮ ಕೈಗೆ ಎಟುಕುವಂಥದ್ದೇ. ಅಮರಗುಂಡಪ್ಪನವರ ಹೆಂಡತಿ ವೀರಭದ್ರಮ್ಮ ಬಾಯಿ ಸಿಹಿ ಮಾಡಲು ತಟ್ಟೆಯಲ್ಲಿ ಸಕ್ಕರೆ ತಂದರು. 'ಒಂದ್ ಕೋಣಿ ನೋಡೂದ ಉಳೀತಲ್ಲ, ನೋಡಿಬಿಡ್ರಿ. ಮಗಳು ಬಾಣಂತನಕ್ಕ ಬಂದಾಳ, ಅದಕ್ಕ ಬಾಗಿಲಾ ಹಾಕಿತ್ತು,' ಎಂದು ಬಾಗಿಲು ತೆರೆದರು.

ಹೊಸ ಬಣ್ಣದ ವಾಸನೆ ಬಂತು. ಛಾವಣಿಯ ಕೊಂಡಿಗೆ ತೊಟ್ಟಿಲು ಕಟ್ಟಿತ್ತು, ಅದರಲ್ಲಿ ಕೂಸು ಮಲಗಿತ್ತು, ಮಗಳು ಪಕ್ಕದಲ್ಲಿ ಕೂತು ತೂಗುತ್ತಿದ್ದಳು. ಅಕ್ಕ ಒಳಗೆ ಹೋಗಿ ಕೂಸಿನ ಗಲ್ಲ ಮುಟ್ಟಿದಳು. ಮಾಮ ಹೊಸ್ತಿಲ ಮೇಲೆ ನಿಂತ. ಮೇಲೆ ನೋಡಿದ. ನೋಡಿದವನು ಕಣ್ಣು ಕೆಳಗೆ ಇಳಿಸಲಿಲ್ಲ. ಆಮೇಲೆ ತಿರುಗಿ ಸರಸರ ಹೊರಗೆ ಹೋದ. ಏನಾಯಿತೆಂದು ನಾವು ನೋಡುವಷ್ಟರಲ್ಲಿ ಛತ್ರಿ ಹಿಡಿದು ವಾಪಸು ಬಂದಿದ್ದ.

'ಏನ್ರೀ, ಬ್ಯಾಡ್ರೀ,' ಎಂದು ಅಕ್ಕ ಅವನ ತೋಳು ಹಿಡಿದಳು. ಮಾಮ ಅವಳ ಮುಖ ನೋಡಿದ. ಅಡಿಗೆಮನೆಯ ಗೋಡೆಯ ಮೇಲೆ ಅವಳು ಅಂಗೈ ಇಟ್ಟದ್ದನ್ನು ಅವನೂ ನೋಡಿದ್ದ, ನನಗೆ ಗೊತ್ತು. ಆದರೂ ತೋಳು ಬಿಡಿಸಿಕೊಂಡು ಮೂಲೆಯಲ್ಲಿ ಮೆಲ್ಲಗೆ ಬಡಿದ. ಠಣ್. ಒಂದು ಹೆಜ್ಜೆ ತೊಟ್ಟಿಲ ಕಡೆ ಸರಿದು ಮತ್ತೆ ಬಡಿದ.

ಡಬ್.

'ಕೂಸಿನ ಎತ್ತ್ರಿ! ಎಲ್ಲಾರೂ ಹಿಂದಕ್ ಸರೀರಿ! ಜಲ್ದಿ!'

ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮಗಳು ಕೂಸನ್ನು ಎದೆಗವಚಿಕೊಂಡು ಹೊರಗೆ ಓಡಿ ಬಂದಳು. ಎಲ್ಲರೂ ಈಚೆ ಬಂದ ಮೇಲೆ ಮಾಮ ಹೊಸ್ತಿಲಲ್ಲಿ ನಿಂತು, ಕೈ ಚಾಚಿ, ಕೊಂಡಿಯ ಈಚೆಗೆ ಛತ್ರಿಯ ತುದಿಯಿಂದ ತಿವಿದ. ರೊಟ್ಟಿ ಹಿಟ್ಟು ನಾದುವ ಪರಾತದಷ್ಟು ಅಗಲದ ಸಿಮೆಂಟಿನ ಗಿಲಾವು ಕಳಚಿ ಖಾಲಿ ತೊಟ್ಟಿಲ ಒಳಗೆ ಬಿತ್ತು. ಮೇಲೆ ತುಕ್ಕು ಹಿಡಿದ ಸರಳುಗಳೂ ಒದ್ದೆ ಕಾಂಕ್ರೀಟೂ ಕಂಡವು.

ಕೂಸು ಎದ್ದು ಅಳತೊಡಗಿತು. ಅಮರಗುಂಡಪ್ಪ ಆ ಸರಳುಗಳನ್ನು ನೋಡುತ್ತಲೇ ಕೇಳಿದರು: 'ಇದನ್ನ ಗದ್ದ್ಯಾಗ ಎಲ್ಲಿ ಕಲತ್ರಿ?'

ಮಾಮ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. 'ಗದ್ದಿ ನನಗ ಗೊತ್ತಿಲ್ರಿ. ನಾ ಹಟ್ಟಿಯಾವ. ಗಣಿಯಾಗ ದುಡದೀನಿ. ರೇಟು ಏರಸ್ತೀರಂತ ಸುಳ್ಳ ಹೇಳೀನಿ.'

ಮಾಳಿಂಗಪ್ಪ ಹಣೆ ಹಣೆ ಬಡಿದುಕೊಂಡ. ಅಕ್ಕ ಸೀರೆಯ ಸೆರಗು ಹೊದ್ದುಕೊಂಡು, 'ನಡೀರಿ' ಅಂದಳು. ಅವಳಿಗೆ ಮಾಮನ ಮೇಲೆ ಸಿಟ್ಟಿರಲಿಲ್ಲ. ಹೊಸ್ತಿಲು ದಾಟುವಾಗ ಅವನ ಕೈ ಹಿಡಿದುಕೊಂಡೇ ದಾಟಿದಳು.

'ನಿಂದರ್ರಿ,' ಅಂದರು ಅಮರಗುಂಡಪ್ಪ. ಅವರ ಮುಖ ಸುಣ್ಣದ ಹಾಗಾಗಿತ್ತು. 'ಟ್ಯಾಂಕು ಸೋರಿ ಅಲ್ಲಿ ಕಲಿ ಬಿದ್ದಿತ್ತು. ಮನಿ ನೋಡಾಕ ಬಂದವರಿಗೆ ಕಾಣಬಾರದಂತ ನಾನ ಬಣ್ಣ ಹೊಡಸೀನಿ.'

ವೀರಭದ್ರಮ್ಮ ಗಂಡನ ಕಡೆ ತಿರುಗಿದರು. 'ಅದರ ಬುಡಕ ಕೂಸಿನ ಮಲಗಿಸಿದ್ವಲ್ರೀ,' ಎಂದಷ್ಟೇ ಅಂದರು. ಅಮರಗುಂಡಪ್ಪ ಕುರ್ಚಿಯ ಮೇಲೆ ಕುಸಿದು ಕೂತರು. ಅವರನ್ನು ನೋಡಿ ನನಗೆ ಕನಿಕರ ಬಂತು. ಇಲ್ಲಿಯವರೆಗೆ ನೋಡಿದ ಎಲ್ಲ ಮಾಲಕರಲ್ಲಿ ತಮ್ಮ ಮನೆಯ ತಪ್ಪನ್ನು ತಾವೇ ಹೇಳಿದ್ದು ಇವರೊಬ್ಬರೇ.

ಮಾಳಿಂಗಪ್ಪನಿಗೆ ಮಾತ್ರ ಕಮಿಷನ್ನಿನ ಚಿಂತೆ. 'ಮತ್ತ... ರೇಟು ಈಗ ಹಟ್ಟಿದೋ, ತುರ್ವಿಹಾಳದ್ದೋ?' ಅಂದ.

'ಮಾತಾಡಿದ್ದ ರೇಟ,' ಅಂದರು ವೀರಭದ್ರಮ್ಮ. 'ಅದರಾಗ ಛತ್ತಿನ ರಿಪೇರಿ ಖರ್ಚು ಮುರೀರಿ. ಏನಂತೀರಿ?' ಅವರ ಗಂಡ, 'ನಾ ಅನ್ನೂದು ಏನು ಉಳದೈತಿ' ಅಂದರು. ವೀರಭದ್ರಮ್ಮ ಸಕ್ಕರೆ ತಟ್ಟೆಯನ್ನು ಮತ್ತೆ ಎತ್ತಿಕೊಂಡು ಬಂದು, ಮೊದಲು ಮಾಮನ ಮುಂದೆ ಹಿಡಿದರು. 'ಅಣ್ಣಾರ, ಒಂದ್ ಮಾತು ನಡಸಿ ಕೊಡ್ರಿ. ಹೊಸ ಮನ್ಯಾಗ ತೊಟ್ಲಾ ಕಟ್ಟೂಕಿಂತ ಮದ್ಲ ನೀವ ಬಂದು ಬಡದು ನೋಡ್ಬೇಕು.'

ಮಾಮ ಅವರ ಹೊಸ ಮನೆಗೆ ಹೋಗಿ ಪ್ರತಿ ಕೋಣೆಯನ್ನೂ ಬಡಿದು ನೋಡಿದ. ಎಲ್ಲ ಠಣ್. ಆ ಸುದ್ದಿ ಲೇಔಟಿನಲ್ಲಿ ಹಬ್ಬಿತು. ಈಗ ಯಾರು ಮನೆ ಕಟ್ಟಿದರೂ, ಕೊಂಡರೂ, ಹಾಲು ಉಕ್ಕಿಸುವ ಮೊದಲು ಮಾಮನನ್ನು ಕರೆಯುತ್ತಾರೆ. ಆತ ಛತ್ರಿ ಹಿಡಿದು ಹೋಗಿ, ಬಡಿದು, ಚಹಾ ಕುಡಿದು ಬರುತ್ತಾನೆ. ಚಹಾ ಸರಿ ಇರಲಿಲ್ಲ ಎಂದು ಅಕ್ಕನ ಮುಂದೆ ತಪ್ಪದೆ ಹೇಳುತ್ತಾನೆ.

ಮೊನ್ನೆ ಭಾನುವಾರ ಅಂಗಡಿ ಮುಚ್ಚಿ ಅವರನ್ನು ನೋಡಲು ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿ, ಆ ಓಣಿ, ನೀರಿನ ಟ್ಯಾಂಕು, ಅಮರಗುಂಡಪ್ಪನವರ ಹಳೇ ಮನೆ ಎಂದು ಗುರುತು ಹೇಳತೊಡಗಿದೆ. ಆಟೋ ಡ್ರೈವರ್ ಇಶ್ತಿಯಾಕ್ ನನ್ನ ಮಾತು ಅರ್ಧಕ್ಕೇ ತಡೆದ. 'ಹಟ್ಟಿಯವರ ಮನೀಗ್ಯಾ? ಅಷ್ಟ ಹೇಳ್ರಲಾ. ಇಷ್ಟ್ಯಾಕ ಉದ್ದ ಹೇಳ್ತೀರಿ?'

ಕಟ್ಟೆಯ ಮೇಲೆ ಅಕ್ಕ ಹೆಂಗಸರ ನಡುವೆ ಕೂತಿದ್ದಳು; ಈಗ ಬಂದವರಿಗೆ ಜಾಗ ಮಾಡುವವಳು ಅವಳೇ. ಅಡಿಗೆಮನೆಯ ಗೋಡೆಗೆ ಎಲ್ಲಿ ಕೈ ಇಟ್ಟಿದ್ದಳೋ ಅಲ್ಲಿಯೇ ಮೊಳೆ ಇತ್ತು, ಮೊಳೆಗೆ ಛತ್ರಿ ನೇತು ಹಾಕಿತ್ತು. ಊಟವಾದ ಮೇಲೆ ಮಾಮ ಚಾಪೆಯ ಮೇಲೆ ಅಡ್ಡಾದ. ನಾನು ಆಟೋದವನ ಮಾತು ಹೇಳಿದೆ.

'ಏನಂದ?' ಎಂದು ಎದ್ದು ಕೂತ.

'ಹಟ್ಟಿಯವರ ಮನಿ ಅಂದ.'

'ನೀ ಹೇಳಲಾರದ?'

'ನಾ ಹೇಳೂಕಿಂತ ಮದ್ಲ.'

ಮಾಮ ಟವೆಲಿನಿಂದ ಮುಖ ಒರೆಸಿಕೊಂಡ. ಕಣ್ಣೂ ಒರೆಸಿಕೊಂಡದ್ದನ್ನು ನಾನು ನೋಡಿದೆ. ನನಗೂ ಕಣ್ಣು ತುಂಬಿ ಬಂತು, ಮೆಣಸಿನಕಾಯಿ ಘಾಟು ಅಂದೆ. ಆತ ಮತ್ತೆ ಮಲಗಿ, 'ಇನ್ನೊಮ್ಮಿ ಹೇಳು, ಆ ಆಟೋದಾವ ಏನಂದ?' ಅಂದ. ನಾನು ಬಸ್ ಸ್ಟ್ಯಾಂಡಿನಿಂದ ಶುರುಮಾಡಿ ಇನ್ನೊಮ್ಮೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮಾಮನಿಗೆ ನಿದ್ದೆ ಹತ್ತಿತ್ತು. ಮಲಗುವ ಮೊದಲು ಆತ ಮೇಲೆ ನೋಡಿರಲಿಲ್ಲ.