ಜೀಪಿನ ಕುಂಯ್ ಶ್ರುತಿ

ಘತ್ತರಗಿ ದೇವಿಯ ದರ್ಶನಕ್ಕೆ ಹೊರಟ ಜೀಪೊಂದು ಅಫಜಲಪುರದ ನನ್ನ ಗಾಡಿ ವೈರಿಂಗ್ ಅಂಗಡಿ ಮುಂದೆ ನಿಂತಿತು. "ಎಕ್ಸಲೇಟರ್ ತುಳಿದ್ರ ಟೇಪಿನಾಗ ಕುಂಯ್ ಅಂತೈತ್ರಿ, ತಲಿ ಚಿಟ್ ಹಿಡದೈತಿ" ಅಂದ ಡ್ರೈವರ್.

ಟೇಪಿನ ಅರ್ಥಿಂಗ್ ವೈರನ್ನು ಯಾರೋ ದೇವಿ ಫೋಟೋದ ಮಿಣುಕು ದೀಪದ ವೈರಿಗೆ ಸುತ್ತಿದ್ದರು. ಬಿಡಿಸಿ, ಜೀಪಿನ ಬಾಡಿಯ ಬಣ್ಣ ಒಂದಿಷ್ಟು ಕೆರೆದು, ಅಲ್ಲಿಗೇ ಬಿಗಿದೆ. ಎಂಜಿನ್ ಶುರು ಮಾಡಿ ಎಕ್ಸಲೇಟರ್ ತುಳಿದರೂ ಕುಂಯ್ ಸಪ್ಪಳವೇ ಇಲ್ಲ! ನಾನು ಮೀಸೆ ತಿರುವುವಷ್ಟರಲ್ಲಿ ಹಿಂದೆ ಕೂತ ಭಜನಿ ಹೆಣ್ಮಕ್ಕಳು ಹಾಡು ಎತ್ತಿದರು. ಒಬ್ಬೊಬ್ಬರ ದನಿ ಒಂದೊಂದು ದಿಕ್ಕಿಗೆ ಹೋಯಿತು.

"ಏ ತಮ್ಮಾ, ನಮ್ಮ ಶ್ರುತಿ ಎಲ್ಲಿ ಕಳದ್ಯೋ?" ಎಂದು ಹಿರಿಯಾಕಿ ಗದರಿದಳು. "ಹಾರ್ಮೋನಿಯಂ ಮನ್ಯಾಗ ಮರತು ಬಂದೇವಿ. ಆಳಂದದಿಂದ ಆ ಕುಂಯ್ ಮ್ಯಾಲೇ ಹಾಡ್ಕೋತ ಬಂದೇವಿ!"

"ಮತ್ತ ಆ ಕುಂಯ್ ಬ್ಯಾಡ್ರವ್ವಾ" ಎಂದು ಡ್ರೈವರ್ ಅವರಿಗೆ ಕೈಮುಗಿದ. ಯಾರು ಕೇಳ್ತಾರೆ? ವೈರನ್ನು ಮತ್ತೆ ದೇವಿ ದೀಪಕ್ಕೇ ಸುತ್ತಿದೆ. "ಶಹಬ್ಬಾಸ್ ತಮ್ಮಾ!" ಅಂದಳು ಹಿರಿಯಾಕಿ. ಜೀಪು ಹೊರಟಿತು, ವೇಗ ಏರಿದಂತೆ ಕುಂಯ್ ಏರಿತು, ಅದರ ಜೊತೆ ಭಜನೆಯೂ ಏರಿತು.

ಸರಿ ಮಾಡಿ ಬೈಸಿಕೊಂಡು, ಕೆಡಿಸಿ ಶಹಬ್ಬಾಸ್ ಅನ್ನಿಸಿಕೊಂಡ ಮೇಸ್ತ್ರಿ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.